ಪಾಸ್ಕು ಪೊರ್ಬುಗಳ ಜಗಲಿಯಲ್ಲಿ ನನ್ನ ಜಾಗ

ಕಳೆದ ತಿಂಗಳು ಬಂಟ್ವಾಳದ ನಮ್ಮ ಶಾಲೆಯ ಹಿಂದೆ ನೀರಿನ ಪೈಪು ಹಾಕಲು ನೆಲ ಅಗೆದರು. ಮೇಲಿನ ಕೆಂಪು ಮಣ್ಣು ಮುಗಿದು ಅಡಿಯ ಒದ್ದೆ ಜೇಡಿ ಕಂಡಾಗ ಒಂದು ತಣ್ಣಗಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಏಳನೆಯ ತರಗತಿಗೆ ಪದ್ಯ ಓದುತ್ತಿದ್ದ ನಾನು ಸಾಲು ಮರೆತು ನಿಂತುಬಿಟ್ಟೆ. ಅದು ಪಾಸ್ಕು ಪೊರ್ಬುಗಳ ಮೈಯ ವಾಸನೆ. ಮೂಡಬಿದಿರೆಯ ಹತ್ತಿರದ ತೋಡಾರಿನಲ್ಲಿ ನಮ್ಮ ಬೇಲಿಯಾಚೆಗಿದ್ದ ಅವರು ಬಾವಿ ತೋಡುವ ಕೆಲಸದವರು. ಅವರ ಹೆಂಡತಿ ಪಿಯಾದ್ ಬಾಯಮ್ಮ. ಕ್ರೈಸ್ತ ಗಂಡಸರನ್ನು ಪೊರ್ಬು ಎಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು ನಮ್ಮ ತುಳುವಿನ ರೂಢಿ. ಅವರಿಗೆ ಮಕ್ಕಳಿರಲಿಲ್ಲ. ನನ್ನ ಅಮ್ಮ ದಿನವಿಡೀ ಬೀಡಿ ಕಟ್ಟುತ್ತಿದ್ದಳು, ಮನೆ ತುಂಬ ತಂಬಾಕಿನ ಘಾಟು. ಶಾಲೆಯಿಂದ ಬಂದವಳೇ ನಾನು ಬೇಲಿ ದಾಟುತ್ತಿದ್ದೆ. ನಿಮಗೂ ಹೀಗೊಂದು ಮನೆ ಇದ್ದೀತು, ಹುಟ್ಟಿದ ಮನೆಯಲ್ಲದಿದ್ದರೂ ನಮ್ಮದೇ ಎಂದು ನಾವು ಯಾರನ್ನೂ ಕೇಳದೆ ನಂಬಿಕೊಂಡದ್ದು.

ಪೊರ್ಬುಗಳಿಗೆ ಓದು ಬರುತ್ತಿರಲಿಲ್ಲ. ಸಂಜೆ ಕೆಲಸ ಬಿಟ್ಟು ಬಂದು, ಎಷ್ಟು ಉಜ್ಜಿದರೂ ಹೋಗದ ಮಣ್ಣನ್ನು ಉಗುರಿನಲ್ಲೇ ಉಳಿಸಿಕೊಂಡು ಜಗಲಿಯಲ್ಲಿ ಕೂರುತ್ತಿದ್ದರು. ಅವರ ಎಡಕ್ಕೆ ಒಂದು ಮಣೆ, ಅದರ ಮೇಲೆ ನಾನು. "ಲೋಕದಲ್ಲಿ ಇವತ್ತು ಏನುಂಟು, ಓದು ಮಗಾ" ಎನ್ನುತ್ತಿದ್ದರು. ನಾನು ಪೇಪರು ಓದುತ್ತಿದ್ದೆ. ಕೊನೆಗೆ ನಿಧನರಾದವರ ಪುಟ. ನಾನು ಗಡಿಬಿಡಿಯಲ್ಲಿ ಮುಗಿಸಲು ನೋಡಿದರೆ ತಡೆಯುತ್ತಿದ್ದರು: "ಸತ್ತವರ ಹೆಸರು ಓದುವಾಗ ಓಡಬಾರದು." ಆ ಹೆಸರುಗಳನ್ನೆಲ್ಲ ನೆನಪಿಟ್ಟುಕೊಂಡು, ಹಿಂದೂವೋ ಬ್ಯಾರಿ ಮುಸ್ಲಿಮರೋ ಎಂದು ನೋಡದೆ, ಸಂಜೆಯ ಜಪಮಾಲೆಯ ಪ್ರಾರ್ಥನೆಯಲ್ಲಿ ಒಂದೊಂದಾಗಿ ಹೇಳುತ್ತಿದ್ದರು. ಇವರ ಪರಿಚಯವೇ ಇಲ್ಲವಲ್ಲ ಎಂದು ಒಮ್ಮೆ ಕೇಳಿದೆ. "ನನಗಿಲ್ಲ. ದೇವರಿಗೆ ಉಂಟಲ್ಲ" ಎಂದರು. ಅವರಿಗಿದ್ದ ಧರ್ಮಶಾಸ್ತ್ರ ಇಷ್ಟೇ. ಇಂದಿಗೂ ತರಗತಿಯಲ್ಲಿ ಹಾಜರಿ ಕರೆಯುವಾಗ ನಾನು ಅವಸರ ಮಾಡುವುದಿಲ್ಲ. ಉಳಿದ ಮೇಷ್ಟ್ರುಗಳು ನಗುತ್ತಾರೆ.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಐರಿನ್ ಬಂದಳು. ಕಕ್ಕಿಂಜೆಯಲ್ಲಿದ್ದ ಬಾಯಮ್ಮನ ತಂಗಿ ಜ್ವರದಲ್ಲಿ ತೀರಿಕೊಂಡಿದ್ದಳು; ಅವಳ ಒಬ್ಬಳೇ ಮಗಳು. ಸಣಕಲು ಹುಡುಗಿ, ದೊಡ್ಡಮ್ಮನನ್ನು ಮಾವ್ಶಿ ಎಂದು ಕರೆಯುವುದು ಬಿಟ್ಟರೆ ಮಾತಿಲ್ಲ. ಮೊದಲ ವಾರ ನನಗೂ ಅವಳನ್ನು ಕಂಡು ಪಾಪ ಎನಿಸಿತ್ತು. ಎರಡನೆಯ ವಾರ ನಾನು ಬೇಲಿ ದಾಟಿ ಹೋದಾಗ ಮಣೆಯ ಮೇಲೆ ಐರಿನ್ ಕೂತಿದ್ದಳು. ಪೇಪರು ಅವಳ ತೊಡೆಯ ಮೇಲಿತ್ತು. ಅಕ್ಷರ ಅಕ್ಷರವಾಗಿ ತಡವರಿಸುತ್ತಿದ್ದಳು, ಪೊರ್ಬುಗಳು ಕಣ್ಣು ಮುಚ್ಚಿ ಕೇಳುತ್ತಿದ್ದರು. "ಇವತ್ತು ಇವಳು ಓದಲಿ, ಆಗದಾ ಮಗಾ?" ಎಂದರು. ಆಗುತ್ತದೆ ಎಂದೆ. ನನ್ನ ಕಿವಿ ಬಿಸಿಯಾಗಿತ್ತು. ಹಾಗೆ ಹೊಟ್ಟೆ ಉರಿಯುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅವಳು ತಪ್ಪು ಓದಿದಾಗಲೆಲ್ಲ ನಾನು ಮೆಟ್ಟಿಲಲ್ಲಿ ನಿಂತು ಗಟ್ಟಿಯಾಗಿ ತಿದ್ದಿದೆ. ಬಾಯಮ್ಮ ಅವಳ ತಲೆ ಬಾಚುವಾಗ ಎಷ್ಟು ಹೊತ್ತು ಬಾಚುತ್ತಾಳೆಂದು ಲೆಕ್ಕ ಹಾಕಿದೆ. ತಾಯಿ ಸತ್ತವಳೆಂಬ ಕಾರಣಕ್ಕೆ ಎಲ್ಲರೂ ಅವಳನ್ನು ಮೆಲ್ಲಗೆ ಮಾತಾಡಿಸುವುದನ್ನು ಕಂಡು, ಹೇಳಲು ನಾಚಿಕೆಯಾಗುತ್ತದೆ, ನನ್ನ ಅಮ್ಮ ಇನ್ನೂ ಬದುಕಿದ್ದಾಳಲ್ಲ ಎಂದು ಕೂಡ ಒಂದು ದಿನ ಅಂದುಕೊಂಡೆ.

ಸೆಪ್ಟೆಂಬರಿನಲ್ಲಿ ಅವರ ತೆನೆ ಹಬ್ಬ, ಏಸುವಿನ ತಾಯಿ ಮರಿಯಮ್ಮ ಹುಟ್ಟಿದ ದಿನ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಇಗರ್ಜಿಗೆ ಹೋಗಿ ಮಗು ಮರಿಯಮ್ಮನ ಮೂರ್ತಿಗೆ ಹೂ ಹಾಕುತ್ತಾರೆ. ಐರಿನ್ ದಿನವೂ ಗುಡ್ಡೆ ಸುತ್ತಿ ಹೂ ತರುತ್ತಿದ್ದಳು. ಹಬ್ಬದ ಬೆಳಿಗ್ಗೆಗೆಂದು ಹಿಂದಿನ ಸಂಜೆ ಅತಿ ಹೆಚ್ಚು ಕೊಯ್ದು, ಬುಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ ಜಗಲಿಯಲ್ಲಿಟ್ಟಿದ್ದಳು. ಬೆಳಿಗ್ಗೆ ಅವರೆಲ್ಲ ಒಳಗೆ ಹೊಸ ಬಟ್ಟೆ ಉಡುತ್ತಿದ್ದಾಗ ನಾನು ಹೋಗಿ ಆ ಬುಟ್ಟಿಯನ್ನು ಎತ್ತಿ ಅಂಗಳದ ಬಾವಿಗೆ ಸುರಿದೆ. ಸುರಿದು ಓಡಿಹೋಗಬೇಕಿತ್ತು. ಹೂಗಳು ನೀರಿನ ಮೇಲೆ ಹರಡುವುದನ್ನು ನೋಡುತ್ತ ಅಲ್ಲೇ ನಿಂತೆ.

ಐರಿನ್ ಬಂದು ಬಗ್ಗಿ ನೋಡಿದಳು. ಅಳಲಿಲ್ಲ. ಪೊರ್ಬುಗಳು ಬಂದರು. ಬಾವಿ ನೋಡಿದರು, ನನ್ನ ಒದ್ದೆ ಕೈ ನೋಡಿದರು. ಬಿಳಿ ಅಂಗಿ ಕಳಚಿ, ಪಂಚೆ ಎತ್ತಿ ಕಟ್ಟಿ, ತಾವೇ ತೋಡಿದ ಆ ಬಾವಿಯ ಕಲ್ಲಿನ ಮೆಟ್ಟಿಲಲ್ಲಿ ಕಾಲಿಡುತ್ತ ಇಳಿದರು. ಹೂವನ್ನೆಲ್ಲ ಬುಟ್ಟಿಗೆ ಬಳಿದುಕೊಂಡು ಮೇಲೆ ಬಂದರು. ನೀರು ಸೋರುವ ಬುಟ್ಟಿಯನ್ನು ಐರಿನ್ ಕೈಗೆ ಕೊಟ್ಟು, "ತೊಳೆದದ್ದಾಯಿತು. ಹೋಗುವ" ಎಂದರು.

ಆ ಮಧ್ಯಾಹ್ನ ಬಾಯಮ್ಮ ನನ್ನನ್ನು ಕರೆಯಲು ಬಂದಳು. ನಾನು ಅಮ್ಮನ ಸೆರಗಿನ ಹಿಂದೆ ಅವಿತೆ. "ಇವಳು ಬಾರದೆ ನಾವು ಉಣ್ಣುವುದು ಹೇಗೆ?" ಎಂದು ಕೈ ಹಿಡಿದು ಕರೆದುಕೊಂಡು ಹೋದಳು. ಅಂದು ಊಟಕ್ಕೆ ಮೊದಲು ಹೊಸ ಭತ್ತದ ಕಾಳನ್ನು ತೆಂಗಿನ ಹಾಲಿನಲ್ಲಿ ಕಲಸಿ, ಮನೆಯವರಿಗೆ ಮಾತ್ರ, ವಯಸ್ಸಿನ ಪ್ರಕಾರ ಕೊಡುವ ಕ್ರಮ. ಪೊರ್ಬುಗಳು ಬಾಯಮ್ಮನಿಗೆ ಕೊಟ್ಟರು. ಆಮೇಲೆ ಐರಿನ್‌ಳನ್ನು ದಾಟಿ ನನ್ನ ಮುಂದೆ ನಿಂತರು. "ಇವಳು ಎರಡು ತಿಂಗಳಿಗೆ ದೊಡ್ಡವಳು" ಎಂದರು, ಲೆಕ್ಕ ತಪ್ಪಬಾರದೆಂಬಂತೆ. ಸಂಜೆಯ ಪ್ರಾರ್ಥನೆ ಎಂದಿನಂತೆ ಕೊಂಕಣಿಯಲ್ಲಿ ನಡೆಯಿತು. ಎಲ್ಲ ಮುಗಿದ ಮೇಲೆ ಬಾಯಮ್ಮ ಮೊಣಕಾಲಲ್ಲೇ ಇದ್ದು, ನನಗೆ ಅರ್ಥವಾಗುವ ತುಳುವಿನಲ್ಲಿ ಒಂದು ಮಾತು ಸೇರಿಸಿದಳು: "ದೇವರೇ, ಎರಡು ಮಕ್ಕಳನ್ನು ಕೊಟ್ಟೆ. ಸಮ ನೋಡಿಕೊಳ್ಳಲು ನನಗೆ ಬರಲಿಲ್ಲ. ನನ್ನ ತಪ್ಪನ್ನು ಕ್ಷಮಿಸು." ಒಂದು ಪೆಟ್ಟು ಕೊಟ್ಟಿದ್ದರೆ ನಾನು ಅದನ್ನು ಎಂದೋ ಮರೆಯುತ್ತಿದ್ದೆ.

ಅಂದಿನಿಂದ ನಾನು ಒಳ್ಳೆಯವಳಾದೆ ಎಂದು ಬರೆಯಲು ಚೆನ್ನ. ಆಗಲಿಲ್ಲ. ಕೈಯನ್ನು ಮಾತ್ರ ಹಿಡಿತಕ್ಕೆ ತಂದುಕೊಂಡೆ. ಐರಿನ್ ನರ್ಸಾದಳು, ಬೆಳ್ತಂಗಡಿಯಲ್ಲಿ ಕೆಲಸ ಹಿಡಿದಳು. ಪೊರ್ಬುಗಳು ಹಾಸಿಗೆ ಹಿಡಿದಾಗ ಅವರನ್ನು ಮಗ್ಗುಲು ಬದಲಿಸಿ ಮಲಗಿಸುತ್ತಿದ್ದವಳು ಅವಳು. ನಾನು ಭಾನುವಾರ ಹಣ್ಣು ಹಿಡಿದು ಹೋಗುವ ನೆಂಟಳು. ಆಗಲೂ ಹೊಟ್ಟೆ ಉರಿಯಿತು. ಈ ವರ್ಷ ಬಾಯಮ್ಮನೂ ಹೋದಳು. ರಸ್ತೆ ಅಗಲವಾಗಿ ಜಗಲಿ ಇದ್ದ ಕಡೆ ಈಗ ಡಾಂಬರು, ಉಳಿದ ಗೋಡೆಗಳನ್ನೂ ಕೆಡವಿದ್ದಾರೆ. ಅವಳು ತೀರಿ ತಿಂಗಳಾದಾಗ ಇಗರ್ಜಿಯಲ್ಲಿ ಮಾಡಿಸಿದ ಪೂಜೆಯ ದಿನ ಸಮಾಧಿಯ ಹತ್ತಿರ ನಾವಿಬ್ಬರೇ ಉಳಿದಾಗ ನಾನು ಐರಿನ್‌ಗೆ ಹೇಳಿದೆ, "ಹೂ ಬಾವಿಗೆ ಹಾಕಿದ್ದು ನಾನು."

"ಗೊತ್ತುಂಟು ಮಾರಾಯ್ತಿ" ಎಂದಳು. ತನ್ನ ಕೈಚೀಲವನ್ನು ನನ್ನ ಕೈಗೆ ಕೊಟ್ಟು, "ನಿನ್ನನ್ನು ಕಂಡರೆ ನನಗೂ ಆಗ್ತಿರಲಿಲ್ಲ. ನನ್ನನ್ನು ಅವರು ಸಾಕಲೇಬೇಕಿತ್ತು, ಮಾವ್ಶಿಯ ತಂಗಿಯ ಮಗಳಲ್ಲವಾ. ನಿನ್ನನ್ನು ಸಾಕಲು ಅವರಿಗೆ ಯಾರೂ ಹೇಳಿರಲಿಲ್ಲ. ಸುಮ್ಮನೆ ಬೇಕೂಂತ ಇಟ್ಟುಕೊಂಡಿದ್ದರು" ಎಂದಳು.

ಇಷ್ಟು ಹೇಳಿ ಅವಳು ಮಣ್ಣಿನ ಮೇಲೆ ಮೊಣಕಾಲೂರಿದಳು. ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ, ಪಕ್ಕದ ಕೋಣೆಯಲ್ಲಿರುವ ಯಾರೊಂದಿಗೋ ಮಾತಾಡುವಷ್ಟು ಸಲೀಸಾಗಿ. ನನಗೆ ಕನ್ನಡ ಬರುತ್ತದೆ, ತುಳು ಬರುತ್ತದೆ, ಸಾವಿರ ಮಕ್ಕಳಿಗೆ ಮಾತು ಕಲಿಸಿದ್ದೇನೆ. ಹಾಗೆ ಮಾತಾಡಲು ಬರುವುದಿಲ್ಲ. ಅವರಿಬ್ಬರೂ ಬಿಟ್ಟುಹೋದದ್ದರಲ್ಲಿ ಅದೊಂದು ಪೂರ್ತಿ ಅವಳ ಪಾಲಿಗೆ ಹೋಗಿತ್ತು. ಅವಳು ಏಳುವವರೆಗೆ ನಾನು ಬಿಸಿಲಿನಲ್ಲಿ, ಅವಳ ಕೈಚೀಲವನ್ನೂ ಹಿಡಿದುಕೊಂಡು, ಪಕ್ಕದಲ್ಲೇ ನಿಂತಿದ್ದೆ.