ಘಟದ ಸಸಿ, ಸ್ಪಿರಿಟ್ಟಿನ ವಾಸನೆ

ಮೊನ್ನೆ ಗೋಕಾಕದ ಬೀಜ-ಗೊಬ್ಬರದ ಅಂಗಡಿಯಲ್ಲಿ ಯಾರೋ ದ್ರಾಕ್ಷಿಗೆ ಹೊಡೆಯುವ ಔಷಧವನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ತೋರಿಸುತ್ತಿದ್ದರು. ಆ ವಾಸನೆಗೆ, ಕೊಳ್ಳಲು ಬಂದದ್ದನ್ನು ಮರೆತು ನಿಂತೆ...

ತೊಂಬತ್ತರ ದಶಕದ ಕೊನೆ. ಮೂಡಲಗಿಯ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ, ಪಕ್ಕದ ಮನೆಯ ಮಾಸ್ತರರು ವಿಜ್ಞಾನ. ದೇವರಿದ್ದಾನೋ ಇಲ್ಲವೋ ಎಂಬ ಪ್ರಕರಣವನ್ನು ಅವರು ದಿನಾಲೂ ಚಹಾದ ಹೊತ್ತಿಗೆ ಇತ್ಯರ್ಥಪಡಿಸಿ, ಮರುದಿನ ಮತ್ತೆ ವಿಚಾರಣೆಗೆ ಎತ್ತಿಕೊಳ್ಳುತ್ತಿದ್ದರು. ಅವರ ಹೆಂಡತಿ ಮಾತ್ರ, ಮಾಸ್ತರರು ದವಾಖಾನೆಯಿಂದ ದವಾಖಾನೆಗೆ ಒಯ್ದು ಔಷಧ ಹಾಕಿಸಿದರೂ ಏಳದೆ ಹಾಸಿಗೆ ಹಿಡಿದ ವರ್ಷವೂ ದಸರೆಗೆ ಘಟ ಹಾಕುವುದನ್ನು ಬಿಡಲಿಲ್ಲ. ದೇವರ ಕೋಣೆಯ ಕತ್ತಲಲ್ಲಿ ಗಡಿಗೆಯ ಸುತ್ತ ಮಣ್ಣು ಹರವಿ ಗೋಧಿ ಬಿತ್ತುವುದು. ಹಬ್ಬದ ಹೊತ್ತಿಗೆ ಸಸಿ ಎತ್ತರ ಬಂದರೆ ಮನೆಗೆ ಒಳ್ಳೆಯದು.

“ಈ ಸರತಿ ಸಸಿ ಎದ್ದ ನಿಂತ್ರ ನಾನೂ ಎದ್ದ ನಿಂದರತೇನ್ರಿ,” ಅಂದಿದ್ದರಂತೆ ಆ ತಾಯಿ.

ಓಣಿಯ ಎಲ್ಲರ ಮನೆಯಲ್ಲೂ ಮೊಳಕೆ ಒಡೆದವು. ಇವರ ಕಾಳು ಕಣ್ಣು ಬಿಡಲಿಲ್ಲ. ಮಾಸ್ತರರು ನನ್ನನ್ನು ಬದಿಗೆ ಕರೆದರು.

“ಜಿಬ್ಬರೆಲಿನ್ ಅಂತ ಐತ್ರಿ ಸರ. ಮಲಗಿದ ಕಾಳು ಎಬ್ಬಸ್ತೈತಿ, ಸಸಿ ಎತ್ತರ ಮಾಡತೈತಿ.”

“ದೇವರಿಲ್ಲದ ನಿಮ್ಮ ಶಾಸ್ತ್ರದಾಗ ಘಟಕ್ಕ ಔಷಧ ಐತೇನ್ರಿ?”

“ನಗಬ್ಯಾಡ್ರಿ. ಆಕಿಗೆ ಹೇಳಲೂಬ್ಯಾಡ್ರಿ.”

ಹೀಗೆ ವಿಜ್ಞಾನವು ಚಪ್ಪಲಿ ಕಳೆದು, ಕೈಕಾಲು ತೊಳೆದು ದೇವರ ಕೋಣೆಯನ್ನು ಪ್ರವೇಶಿಸಿತು. ಕಲ್ಲೋಳಿಯ ದ್ರಾಕ್ಷಿ ತೋಟದವರಲ್ಲಿ ಬೇಡಿ ತಂದ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ನೀರು ಬೆರೆಸಿ ಚಿಮುಕಿಸಿದರು. ಪ್ರಯೋಗಾಲಯದಲ್ಲಿ ಹನಿ ಹೆಚ್ಚಾದರೆ ಹುಡುಗರ ಕಿವಿ ಹಿಂಡುವ ಮನುಷ್ಯ, ಅಂದು ಅಳತೆಯನ್ನೇ ನೋಡಲಿಲ್ಲ.

ಸಸಿ ಎದ್ದವು. ಗೇಣುದ್ದ, ಹಳದಿ, ದಾರದಷ್ಟು ತೆಳುವು. ಆ ತಾಯಿ ಮಲಗಿದಲ್ಲಿಂದಲೇ ಕೈಮುಗಿದರು. ಮಾಸ್ತರರು ಶಿಳ್ಳೆ ಹಾಕುತ್ತ ಶಾಲೆಗೆ ಬಂದರು. ಹಬ್ಬದ ಮುಂಜಾನೆ ನಾನು ಹೋದಾಗ ಅಷ್ಟೂ ಸಸಿ ಒಂದೇ ಮಗ್ಗುಲಿಗೆ ಉರುಳಿದ್ದವು. ಅಷ್ಟು ಎತ್ತರವನ್ನು ಹೊರುವ ಬಲ ಕಾಂಡಕ್ಕಿರಲಿಲ್ಲ.

ಆ ತಾಯಿ ಸಸಿಗಳನ್ನು ನೋಡಿ, ಗಂಡನತ್ತ ತಿರುಗಿ ನಕ್ಕರು. “ದೇವರ ಖೋಲ್ಯಾಗಿಂದ ದವಾಖಾನಿ ವಾಸನಿ ಬಂದಾಗ ತಿಳೀತ್ರಿ. ನನಗ ಮಾಡಿದ್ದನ್ನ ಅವಕ್ಕೂ ಮಾಡಿದ್ರಿ, ಹೌದಿಲ್ಲ?”

ದೀಪಾವಳಿಯನ್ನು ಅವರು ಕಾಣಲಿಲ್ಲ.

ಆಮೇಲೆ ಪ್ರತಿ ದಸರೆಗೂ ಮಾಸ್ತರರೇ ಘಟ ಹಾಕಿದರು. ಬಂದ ಮೋಟು ಸಸಿಯನ್ನು ಟೊಪ್ಪಿಗೆಗೆ ಸಿಕ್ಕಿಸಿಕೊಂಡು ಬನ್ನಿ ಕೊಡಲು ಬರುತ್ತಿದ್ದರು. ಒಮ್ಮೆ ಹೊಸ್ತಿಲಲ್ಲೇ ನಿಂತು, “ಬರೇ ನೀರ ಹಾಕೇನ್ರಿ ಸರ... ಆದ್ರೂ ಖೋಲ್ಯಾಗ ಆ ವಾಸನಿ ಹೋಗವಲ್ದು,” ಅಂದರು. ಅವರ ಮನೆಗೆ ಹೋದಾಗ ನನಗೂ ಬಂದಿತ್ತು. ಬನ್ನಿ ತೆಗೆದುಕೊಂಡು ಅವರನ್ನು ಚಹಾಕ್ಕೆ ಒಳಗೆ ಕರೆದೆ.

ಈಗ ಮಾಸ್ತರರೂ ಇಲ್ಲ. ದೇವರ ಪ್ರಕರಣ ತೀರ್ಪಿಲ್ಲದೆ ಉಳಿದಿದೆ...

“ಏನ ಕೊಡ್ಲಿ ಕಾಕಾ?” ಅಂಗಡಿಯವನು ಎರಡನೆಯ ಸಲ ಕೇಳಿದ.

“ಘಟಕ್ಕ ಒಂದ ಮುಷ್ಟಿ ಗೋಧಿ,” ಅಂದೆ. “ಔಷಧ ಹಚ್ಚಿದ್ದು ಬ್ಯಾಡಪಾ.”