ಹದಿನೈದೂವರೆ ಇಂಚು

ಸ್ಕ್ಯಾನ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಕಳೆದವಳಿಗೆ ಆಸ್ಪತ್ರೆಯವರು ಇಟ್ಟ ಹೆಸರು ‘ಅಲ್ಲಾಡಬೇಡಿ ಅಕ್ಕ’. ಗಾಜಿನ ಈಚೆ ಕೂತು ದಿನವಿಡೀ ಅವಳು ಹೇಳುತ್ತಿದ್ದ ಮಾತು ಅದೊಂದೇ. ಆಚೆ ಯಂತ್ರ ಡಬಡಬ ಬಡಿದುಕೊಳ್ಳುತ್ತಿದ್ದರೆ ಈಚೆ ಪರದೆಯ ಮೇಲೆ ಮನುಷ್ಯರ ಒಳಗು ಮಂಜಿನಂತೆ ಮೆಲ್ಲಗೆ ಮೂಡುತ್ತಿತ್ತು. ಬೆನ್ನುಮೂಳೆ ಅವಳಿಗೆ ನೀರಿನಡಿಯ ಮೆಟ್ಟಿಲುಗಳಂತೆ ಕಾಣುತ್ತಿತ್ತು.

ಅವಳದೊಂದು ರೂಢಿ. ಡಾಕ್ಟರ ಚೀಟಿಯಲ್ಲಿ ಏನೇ ಬರೆದಿರಲಿ, ನೋವು ಎಲ್ಲೆಂದು ರೋಗಿಯನ್ನೇ ಕೇಳಿ, ಅಲ್ಲಿ ಗುರುತಿಗೆಂದು ಮೀನೆಣ್ಣೆಯ ಗುಳಿಗೆಯೊಂದನ್ನು ಅಂಟಿಸುತ್ತಿದ್ದಳು. ಚಿತ್ರದಲ್ಲಿ ಅದು ಪುಟ್ಟ ಚಂದ್ರನಂತೆ ಹೊಳೆಯುತ್ತಿತ್ತು.

ಆ ಬೆಳಿಗ್ಗೆ ಮುದಿ ದರ್ಜಿಯೊಬ್ಬ ಬಂದ. ಎರಡು ವರ್ಷದ ಹಿಂದೆ ಅವನ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಉಬ್ಬಿದಾಗ, ಅಲ್ಲಿ ಬಟ್ಟೆಯ ಕೊಳವೆ ಹಾಕಿ ಹೊಲಿದಿದ್ದರು. ಆಮೇಲೆ ಕೊಳವೆಗೆ ಸೋಂಕು ತಗುಲಿ, ಔಷಧಕ್ಕೆ ಅಡಗಿತ್ತು. ಈಗ ಬೆನ್ನುನೋವು. ಹೊಲಿಗೆ ಯಂತ್ರಕ್ಕೆ ಬಗ್ಗಿ ಬಗ್ಗಿ ಬಂದ ಸವೆತವೆಂದೇ ಎಲ್ಲರ ಎಣಿಕೆ. ಚೀಟಿಯಲ್ಲೂ ಸೊಂಟದ ಕೆಳಭಾಗವಷ್ಟೇ ಇತ್ತು. ಸವೆತವಾದರೆ ಮಾತ್ರೆ ಕೊಟ್ಟು ಮನೆಗೆ ಕಳಿಸುತ್ತಾರೆ. ಸೋಂಕು ಮೂಳೆಗೆ ಹಬ್ಬಿದ್ದರೆ ಜೀವಕ್ಕೇ ಕುತ್ತು.

ಗುಳಿಗೆಯನ್ನು ಅವನ ಕೈಗಿಟ್ಟು ಅವಳು ಅಂಟುಪಟ್ಟಿ ಕತ್ತರಿಸಲು ತಿರುಗಿದಳು. ಮತ್ತೆ ನೋಡಿದರೆ ಅವನ ಕೈ ಖಾಲಿ.

“ಗುಳಿಗೆ ಎಲ್ಲಿ ತಾತ?”

“ನುಂಗ್ದೆ. ನೀರಿಲ್ದೇನೇ ಇಳೀತು ಬಿಡಮ್ಮ.”

“ಅಯ್ಯೋ ನನ್ನ ಕರ್ಮವೇ! ಅದು ಬೆನ್ನಿಗೆ ಅಂಟಿಸೋದು. ಇದ್ದಿದ್ದೇ ಅದೊಂದು. ಈಗ ಗುರುತು ಹೇಗೆ ಹಾಕ್ಲಿ?”

“ಅಷ್ಟಕ್ಕೆ ಇಷ್ಟು ಗಾಬರೀನಾ?” ಅವನು ಕೊರಳಿನ ಅಳತೆಪಟ್ಟಿ ತೆಗೆದುಕೊಟ್ಟ. “ಕತ್ತಿನ ಬುಡದಿಂದ ಹಿಡಿ. ಹದಿನೈದೂವರೆ ಇಂಚು ಕೆಳಗೆ ನೋವು. ಐವತ್ತು ವರ್ಷ ಊರವರ ಬೆನ್ನೆಲ್ಲಾ ಅಳ್ದಿದೀನಿ, ನನ್ನದು ಗೊತ್ತಿರಲ್ವಾ?”

ಅಳೆದು ಬೆರಳಿಂದ ಒತ್ತಿದಳು. ಅವನ ಉಸಿರು ಸಿಕ್ಕಿಕೊಂಡಿತು. ಚೀಟಿಯಲ್ಲಿ ಬರೆದಿದ್ದ ಭಾಗಕ್ಕಿಂತ ನಾಲ್ಕು ಬೆರಳು ಮೇಲೆ!

ಡಾಕ್ಟರಿಗೆ ಫೋನು ಮಾಡಿ, ಒಪ್ಪಿಗೆ ಪಡೆದು, ಚಿತ್ರದ ಎಲ್ಲೆಯನ್ನು ಮೇಲಕ್ಕೆ ಸರಿಸಿದಳು. ತಗಡಿನ ತುದಿಯ ಅಳತೆಪಟ್ಟಿ, ಕಬ್ಬಿಣವನ್ನು ಸೆಳೆಯುವ ಆ ಅಯಸ್ಕಾಂತದ ಯಂತ್ರದಿಂದ ದೂರ, ಅವಳ ಮೇಜಿನ ಮೇಲೆ ಉಳಿಯಿತು.

“ಅಲ್ಲಾಡಬೇಡಿ.”

ಮಂಜು ಸರಿಯಿತು. ಒಂದೊಂದೇ ಮೆಟ್ಟಿಲು ಮೇಲೆದ್ದು ಬಂತು. ಕೊಳವೆಯ ಸುತ್ತ ಬೆಳ್ಳನೆಯ ನೀರು. ಅದರ ಬೆನ್ನಿಗೇ ಎರಡು ಮೂಳೆಗಳ ಅಂಚು, ನುಸಿ ತಿಂದ ಸೆರಗಿನಂತೆ ಚೂರುಚೂರು. ಅವಳು ಡಾಕ್ಟರನ್ನು ಕರೆದಳು.

“ಇದು ಸವೆತ ಅಲ್ಲ, ಕೊಳವೆಯ ಸೋಂಕು ಮೂಳೆಗೆ ಇಳಿದಿದೆ. ಕೆಳಗಷ್ಟೇ ನೋಡಿದ್ರೆ ಕಾಣ್ತಾನೇ ಇರ್ಲಿಲ್ಲ. ಇವತ್ತೇ ಸೇರಿಸ್ಕೊಳ್ಳೋಣ,” ಎಂದರು ಡಾಕ್ಟರು.

ಗಾಲಿಕುರ್ಚಿಯಲ್ಲಿ ಹೊರಟ ದರ್ಜಿ ಬಾಗಿಲಲ್ಲಿ ತಿರುಗಿದ.

“ಟೇಪು ನಿನ್ನ ಹತ್ರಾನೇ ಇರ್ಲಮ್ಮ. ನಾನೇ ನಡ್ಕೊಂಡು ಬಂದು ಇಸ್ಕೋತೀನಿ.”

ಅವಳು ಅದನ್ನು ಅಚ್ಚುಕಟ್ಟಾಗಿ ಸುರುಳಿ ಸುತ್ತಿ, ಗುಳಿಗೆಯ ಖಾಲಿ ಡಬ್ಬಿಯಲ್ಲಿಟ್ಟು ಮುಚ್ಚಿದಳು.