ಎಡೆಗೆ ಬಡಿಸಲಾಗದ ಜೈಕಾರ

ನಮ್ಮ ವರದಿಗಾರರ ಯುದ್ಧದ ಕಾದಂಬರಿಯನ್ನು ಕೆಡಿಸಿದವರು ನೀವು, ಪ್ರಕಾಶನ ಸಮಿತಿಯ ಪದಾಧಿಕಾರಿಗಳೇ. ಆ ಸಮಿತಿಯಲ್ಲಿ ನಾನೂ ಒಬ್ಬನೆಂಬ ನಾಚಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಪತ್ರಿಕೆಯ ಪರವಾಗಿ ನಮ್ಮ ಶಾಂತಿಪಾಲನಾ ಸೇನೆಯೊಡನೆ ಶ್ರೀಲಂಕಾಕ್ಕೆ ಹೋಗಿದ್ದ ಅವರ ಬಲಗಿವಿ ಅಲ್ಲಿ ಶೆಲ್ ಸಿಡಿದಾಗಲೇ ಹೋಗಿತ್ತು. ಶ್ರೀರಂಗಪಟ್ಟಣದ ಸ್ಟೇಷನ್ನಿನೆದುರಿನ ಟೀ ಅಂಗಡಿಯಲ್ಲಿ ಎಡಗಿವಿಯನ್ನು ನಮ್ಮ ಕಡೆ ಕೊಟ್ಟು ಕೂರುತ್ತಿದ್ದರು. ಎಂ.ಎ. ಮುಗಿಸಿ ಬಂದ ನನ್ನ ಬರಹದಲ್ಲಿ ‘ವೀರಮರಣ’ ಕಂಡರೆ ಗೆರೆ ಎಳೆಯುತ್ತಿದ್ದರು.

“ಸತ್ತೋನು ಏನಂದ ಅಂತ ಬರಿಯಲಾ. ನಿಂಗೆ ಬೇಕಾದ್ದು ಅನ್ನೋಕೆ ಅವನೇನು ನಿನ್ನ ನಾಟಕದ ಪಾತ್ರಧಾರಿಯಾ?”

ನಾನು ಬರೆಯುವುದನ್ನು ಕಲಿತದ್ದು ವಿಶ್ವವಿದ್ಯಾಲಯದಲ್ಲಲ್ಲ, ಆ ಬೆಂಚಿನ ಮೇಲೆ.

ಕಾದಂಬರಿಯ ಕೊನೆಯಲ್ಲಿ ಸಾಯುವ ಸಿಪಾಯಿ ನಾಗಮಂಗಲದ ಕಡೆಯವನು. ಪುಸ್ತಕದಲ್ಲಿ ಹೆಸರು ಬೇರೆ, ಸಾವು ಅವನದೇ. ವರದಿಗಾರರ ತೊಡೆಯ ಮೇಲೆಯೇ ಪ್ರಾಣ ಬಿಟ್ಟಿದ್ದ. ಅವನ ತಾಯಿಯನ್ನು ಕಾಣಲು ಅವರು ಹೋದಾಗ ನಾನೂ ಜೊತೆಗಿದ್ದೆ. ನಮ್ಮ ಕಡೆ ಪಿತೃಪಕ್ಷದಲ್ಲಿ ಸತ್ತವರು ಬಯಸಿದ್ದನ್ನೇ ಎಡೆಗೆ ಇಡುತ್ತಾರೆ. ಆಕೆ ಅಳಲಿಲ್ಲ.

“ಕೊನೇಗೆ ಏನ್ ಕೇಳ್ದ ಸಾಮಿ? ಪಕ್ಸಕ್ಕೆ ಎಡೆ ಇಕ್ಬೇಕು.”

“ಭಯ ಆಯ್ತದೆ ಅಂದ ಕಣವ್ವ. ಬಿಸಿ ಮುದ್ದೆ, ಉಪ್ಸಾರು ಕೇಳ್ದ.”

“ಉಪ್ಸಾರಾ? ಮನೇಲಿದ್ದಾಗ ಮೂಸ್ತಿರ್ಲಿಲ್ಲ, ಕಳ್ನನ್ಮಗ,” ಎಂದು ನಕ್ಕರು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಅಲ್ಲಿಂದ ಮುಂದೆ ಆ ಮನೆಯ ಎಡೆಯಲ್ಲಿ ಕೋಳಿಸಾರಿನ ಪಕ್ಕ ಸೊಪ್ಪು-ಕಾಳು ಬೇಯಿಸಿ ಬಸಿದ ಆ ತೆಳು ಉಪ್ಸಾರೂ ಇರುತ್ತಿತ್ತು.

ಹಸ್ತಪ್ರತಿಯಲ್ಲೂ ಹಾಗೆಯೇ ಇತ್ತು. ವರದಿಗಾರರು ಆಸ್ಪತ್ರೆಯಲ್ಲಿ ಮಲಗಿದ್ದಾಗ ನೀವು ಅವರನ್ನು ಕೇಳದೆ ಭಯವನ್ನೂ ಉಪ್ಸಾರನ್ನೂ ತೆಗೆದು, ಸಿಪಾಯಿಯ ಬಾಯಿಗೆ ಜೈಕಾರ ತುರುಕಿ ಅಚ್ಚು ಹಾಕಿಸಿದಿರಿ. “ಕಾದಂಬರಿ ತಾನೆ, ಬುಡಿ ಅತ್ಲಾಗೆ,” ಎಂದು ನಿಮ್ಮಲ್ಲೊಬ್ಬರು ನನಗೇ ಹೇಳಿದರು. ಊರಿನವರು ಅದನ್ನು ಆ ತಾಯಿಗೆ ಓದಿ ಹೇಳಿದರು. ಆಕೆ ಪುಸ್ತಕ ಹಿಡಿದು ಆಸ್ಪತ್ರೆಗೇ ಬಂದರು.

“ಅಂಗಾರೆ ಉಪ್ಸಾರು ಸುಳ್ಳಾ ಸಾಮಿ? ನನ್ನ ಸಮಾಧಾನಕ್ಕೆ ಅಂದ್ರಾ? ಈ ಜೈಕಾರನ ಎಲೆ ಮ್ಯಾಲೆ ಎಂಗೆ ಬಡಿಸ್ಲಿ?”

“ನಾನಂದದ್ದೇ ನಿಜ ಕಣವ್ವ.”

ಆಕೆ ಪುಸ್ತಕವನ್ನು ಮಂಚದ ಮೇಲಿಟ್ಟು ಹೊರಟುಹೋದರು. ಅಚ್ಚಾದ ಅಕ್ಷರದೆದುರು ವರದಿಗಾರರ ಬಾಯಿಮಾತಿಗೆ ಬೆಲೆ ಬರಲಿಲ್ಲ. ಆ ವಾರವೇ ವರದಿಗಾರರು ತೀರಿಕೊಂಡರು. ಈ ಸಲದ ಪಿತೃಪಕ್ಷಕ್ಕೆ ಆ ಮನೆಯಲ್ಲಿ ಉಪ್ಸಾರು ಮಾಡಲಿಲ್ಲವೆಂದು ಕೇಳಿದೆ.

ತಿದ್ದಿದವರು ಯಾರು, ಯಾರ ಅಪ್ಪಣೆಯಿಂದ ತಿದ್ದಿದರು ಎಂಬುದಕ್ಕೆ ಸಮಿತಿಯು ಲಿಖಿತ ಉತ್ತರ ಕೊಡಬೇಕು. ಮೂಲ ಅಧ್ಯಾಯವನ್ನು ಮರಳಿ ಅಚ್ಚುಮಾಡಿಸಿ, ಬರುವ ಪಿತೃಪಕ್ಷದೊಳಗೆ ಪದಾಧಿಕಾರಿಗಳೇ ಆ ತಾಯಿಯ ಜಗಲಿಯ ಮೇಲೆ ಕುಳಿತು ಅದನ್ನು ಓದಿ ಹೇಳಬೇಕೆಂದು ವಿನಂತಿಸುತ್ತೇನೆ.